ಅಕ್ಕನ ಹಲ್ಲು, ನನ್ನ ಗೆರೆ

ಡಾಕ್ಟರರಿಗೆ ಮದುವೆಮನೆಯಲ್ಲೂ ಮಂಡಿನೋವು ತೋರಿಸುವವರಿದ್ದಾರೆ, ವಕೀಲರಿಗೆ ಊಟದೆಲೆಯ ಮುಂದೆಯೂ ಬೇಲಿಯ ತಕರಾರು ಹೇಳುವವರಿದ್ದಾರೆ. ಗಣಿತದವನ ತಂಟೆಗೆ ಮಾತ್ರ ಯಾರೂ ಬರುವುದಿಲ್ಲ. ಮೂಡುಬಿದಿರೆಯ ಕಾಲೇಜಿನಲ್ಲಿ ಪಾಠ ಮಾಡುತ್ತ, ಉಳಿದ ಹೊತ್ತಿನಲ್ಲಿ ರಕ್ತದ ಪ್ರತಿಕಾಯಗಳು, ಅಂದರೆ ಆ್ಯಂಟಿಬಾಡಿಗಳು, ನಮ್ಮ ರಕ್ಷಣಾ ಕೋಶಗಳ ಮೇಲಿನ ಗ್ರಾಹಕಗಳೆಂಬ ಹಿಡಿಕೆಗಳಿಗೆ ಹೇಗೆ ಅಂಟುತ್ತವೆ, ಎಷ್ಟು ಕಾಲ ಅಂಟಿಕೊಂಡಿರುತ್ತವೆ ಎಂದು ಸಮೀಕರಣ ಬರೆಯುವ ನಾನು ಈ ನೆಮ್ಮದಿಯಲ್ಲೇ ಇದ್ದೆ. ಸಂಶೋಧನೆ ಯಾರ ಉಪಯೋಗಕ್ಕೂ ಬಾರದಿರುವುದರಲ್ಲಿ ಒಂದು ಸುಖವಿದೆ. ಆ ಸುಖ ಕಳೆದದ್ದು ಲಾಯಿಲದಲ್ಲಿರುವ ಅಕ್ಕನ ಹಲ್ಲುನೋವಿನಿಂದ.

ಅಕ್ಕನಿಗೆ ವಿಚಿತ್ರ ಕಾಯಿಲೆ. ಅವಳದೇ ಪ್ರತಿಕಾಯಗಳು ಅವಳದೇ ರಕ್ತದ ಪ್ಲೇಟ್‌ಲೆಟ್‌ಗಳಿಗೆ ಅಂಟುತ್ತವೆ. ರಕ್ಷಣಾ ಕೋಶಗಳು ಆ ಪ್ರತಿಕಾಯಗಳ ಬಾಲವನ್ನು ಗ್ರಾಹಕಗಳಿಂದ ಹಿಡಿದು, ಪ್ಲೇಟ್‌ಲೆಟ್ ಸಮೇತ ನುಂಗುತ್ತವೆ. ಪ್ಲೇಟ್‌ಲೆಟ್ ಕಡಿಮೆಯಿರುವಾಗ ಹಲ್ಲು ಕಿತ್ತರೆ ರಕ್ತ ನಿಲ್ಲುವುದು ಕಷ್ಟ. ಅದಕ್ಕೆ ಆಸ್ಪತ್ರೆಯಲ್ಲಿ ಬೇರೆಯವರ ಪ್ರತಿಕಾಯಗಳನ್ನು ಡ್ರಿಪ್‌ನಲ್ಲಿ ಏರಿಸಿದರು. ಅವು ಗ್ರಾಹಕಗಳನ್ನೆಲ್ಲ ಹಿಡಿದು ಕೂತರೆ ಪ್ಲೇಟ್‌ಲೆಟ್‌ಗಳು ಒಂದಷ್ಟು ದಿನ ಬದುಕಿಕೊಳ್ಳುತ್ತವೆ ಎಂದು ನಾನು ವಿವರಿಸಿದೆ.

ಅಕ್ಕ ಕೆನ್ನೆ ಒತ್ತಿಕೊಂಡು, "ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗಾ? ಹಾಗಾದ್ರೆ ಕೂತವರು ಯಾವಾಗ ಇಳೀತಾರೆ, ಅದು ಹೇಳು" ಎಂದಳು.

ಗುರುವಾಯನಕೆರೆಯ ಹಲ್ಲಿನ ಡಾಕ್ಟರು, "ಬಾವು ಇಳಿಯಲಿ. ಪ್ಲೇಟ್‌ಲೆಟ್ ಸಾಕಷ್ಟಿದ್ದರೆ ಶನಿವಾರ ತೆಗೆಯುವ" ಎಂದಿದ್ದರು. ನಾನು ಅಕ್ಕನ ಹಳೆಯ ರಿಪೋರ್ಟುಗಳನ್ನೆಲ್ಲ ಕಂಪ್ಯೂಟರಿಗೆ ತುಂಬಿಸಿ, ಯಾವ ದಿನ ಪ್ಲೇಟ್‌ಲೆಟ್ ಎಷ್ಟಿರಬಹುದೆಂದು ಗೆರೆ ಎಳೆದೆ. ಗೆರೆ ಶನಿವಾರಕ್ಕೆ ಮೊದಲೇ ಹಲ್ಲು ಕೀಳಲು ಬೇಕಾದ ಮಟ್ಟಕ್ಕಿಂತ ಕೆಳಗಿಳಿಯಿತು. ಗ್ರಾಹಕಗಳ ಸಂಖ್ಯೆ ಬದಲಿಸಿದೆ, ಅಂಟುವ ವೇಗ ಬದಲಿಸಿದೆ. ವಿದ್ಯಾರ್ಥಿಗಳು ಮಾಡಿದರೆ ಬೈಯುವಂಥ ಕಳ್ಳಾಟವನ್ನೆಲ್ಲ ಆಡಿದೆ. ಗೆರೆ ಜಗ್ಗಲಿಲ್ಲ. "ಇದೆಲ್ಲ ಅಂದಾಜು ಅಕ್ಕ, ನನ್ನ ಲೆಕ್ಕ ಯಾವಾಗ ಸರಿಯಾದದ್ದುಂಟು?" ಎಂದೆ. "ಇದೂ ತಪ್ಪಲಿ ಅಂತ ದೇವರಿಗೆ ಹರಕೆ ಹೇಳ್ತೇನೆ" ಎಂದಳು. ನನ್ನ ಸಂಶೋಧನೆಗೆ ಸಂದ ಮೊದಲ ಹರಕೆ ಅದು. ನಾನೂ ಒಳಗೊಳಗೇ ಕೈಮುಗಿದೆ.

ಶುಕ್ರವಾರ ಸಂಜೆ ಬೆಳ್ತಂಗಡಿಯ ಲ್ಯಾಬಿನಲ್ಲಿ ರಿಪೋರ್ಟು ಸಿಕ್ಕಿತು. ಕೌಂಟರಿನೆದುರೇ ನಿಂತು ಫೋನಿನಲ್ಲಿದ್ದ ನನ್ನ ನಕ್ಷೆಗೆ ಅಂಕಿ ಹಾಕಿದೆ. ಚುಕ್ಕಿ ಸರಿಯಾಗಿ ಗೆರೆಯ ಮೇಲೆಯೇ ಕೂತಿತು. ವರ್ಷಗಟ್ಟಲೆ ಕಾದ ಸುಖ! "ಬಂತು!" ಎಂದು ಕೂಗಿಯೇಬಿಟ್ಟೆ.

ಬೆಂಚಿನಲ್ಲಿದ್ದ ಅಕ್ಕ ಮುಖವರಳಿಸಿ ಎದ್ದಳು. "ಜಾಸ್ತಿ ಆಯ್ತಾ?"

ನಾನು ಫೋನನ್ನು ಜೇಬಿಗಿಳಿಸಿದೆ. ಅವಳು ನನ್ನ ಮುಖ ನೋಡಿದಳು, ಮೆಲ್ಲಗೆ ಮತ್ತೆ ಕೂತಳು. ಆಟೋದಲ್ಲಿ ಬರುವಾಗ ಕೆನ್ನೆಗೆ ಸೆರಗು ಒತ್ತಿಕೊಂಡು, "ಹೋಗ್ಲಿ ಬಿಡು ಮಾರಾಯ, ನಿನ್ನ ಲೆಕ್ಕ ಆದ್ರೂ ಸರಿ ಬಂತಲ್ಲ" ಎಂದು ನನ್ನನ್ನೇ ಸಮಾಧಾನ ಮಾಡಿದಳು. ನನಗೆ ಆಟೋದಿಂದ ಹಾರಿಬಿಡೋಣ ಅನ್ನಿಸಿತು.

ಹಲ್ಲು ಈಗಲೂ ಅಕ್ಕನ ಬಾಯಲ್ಲೇ ಇದೆ. ಮುಂದಿನ ಡ್ರಿಪ್‌ಗೆ ಅವಳು ಹೆದರಿಕೊಂಡು ಕಾಯುತ್ತಿದ್ದಾಳೆ. ಸಂಶೋಧನೆ ಮುಗಿಸಲು ಗೆರೆಯ ಮೇಲೆ ಕೂರುವ ಅಂಥ ಚುಕ್ಕಿಗಳು ಇನ್ನೂ ಕೆಲವು ಬೇಕಾಗಿರುವ ನಾನೂ ಕಾಯುತ್ತಿದ್ದೇನೆ, ಅವಳ ಮುಖ ನೋಡದೆ.