ಬೋಣಿ ಮಾಡಿದ ಅತ್ತೆಯೂ ಖಾತೆ ಮುಚ್ಚಿದ ಗುಡ್ಡಿಯವರೂ

ಸುರಪುರ,
ಮೇ ತಿಂಗಳ ಕೊನೆಯ ಭಾನುವಾರ

ಕುಮಾರಿ ಗುಡ್ಡಿಯವರಿಗೆ,
ಸ್ವಯಂಚಾಲಿತ ಸಹಾಯಕಿ, ‘ತುಂಬುಬುಟ್ಟಿ’ ಆನ್‌ಲೈನ್ ಅಂಗಡಿ,
ಊರು ತಿಳಿಸಿಲ್ಲ.

ಮಾನ್ಯರೇ,

ತಮಗೂ ತಮ್ಮ ಸಮಸ್ತ ಯಂತ್ರಪರಿವಾರಕ್ಕೂ ಸುರಪುರದ ರಂಗಂಪೇಟೆಯ ಸುಮಂಗಲಾ ಮಾಡುವ ಅನಂತ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ಬಿಸಿಲು ಇನ್ನೂ ಇಳಿದಿಲ್ಲವಾದ್ದರಿಂದ ತಾವಿರುವ ಕೋಣೆಯ ಏಸಿ ಕೆಡದಿರಲಿ, ಕರೆಂಟು ಹೋಗದಿರಲಿ, ತಮ್ಮ ತಲೆ ಸದಾ ತಂಪಾಗಿರಲಿ ಎಂದು ಹಾರೈಸುತ್ತೇನೆ. ತಮ್ಮನ್ನು ಕುಮಾರಿ ಎಂದು ಕರೆದದ್ದು ತಪ್ಪಾಗಿದ್ದರೆ ಕ್ಷಮೆಯಿರಲಿ. ಚಾಟಿನಲ್ಲಿ ಬರುವ ತಮ್ಮ ಚಿತ್ರಕ್ಕೆ ಎರಡು ಜಡೆಗಳಿವೆ, ಕೊರಳಲ್ಲಿ ತಾಳಿ ಕಾಣುವುದಿಲ್ಲ. ಅಷ್ಟರ ಮೇಲೆ ಊಹಿಸಿದ್ದೇನೆ.

ಈ ಪತ್ರವನ್ನು ತಮಗೊಬ್ಬರಿಗೇ ಬರೆಯಬಹುದಿತ್ತು, ಬರೆದೂ ಇದ್ದೆ. ಆದರೆ ತಾವು ಪ್ರತಿ ಸಲವೂ ಕಣ್ಣು ಮಿಟುಕಿಸುವುದರೊಳಗೆ ‘ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಎಂದು ಉತ್ತರಿಸಿ, ಆ ಅಮೂಲ್ಯ ವಸ್ತುವನ್ನು ಯಾರ ಕೈಗೂ ಸಿಗದಷ್ಟು ಭದ್ರವಾಗಿ ಎತ್ತಿಟ್ಟುಬಿಡುತ್ತೀರಾದ್ದರಿಂದ, ಊರಿನ ನಾಲ್ಕು ಜನರೂ ಓದಲಿ ಎಂದು ಬಹಿರಂಗವಾಗಿ ಬರೆಯುವ ಧೈರ್ಯ ಮಾಡಿದ್ದೇನೆ.

ಓದುವ ಆ ನಾಲ್ಕು ಜನರಿಗೆ ನನ್ನ ಪರಿಚಯ ಹೇಳಬೇಕು. ನಾನು ಮೊದಲು ಇಲ್ಲಿನ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಬಿಡುವಾದಾಗ ಅಡುಗೆಮನೆಯ ಸಾಮಾನುಗಳನ್ನು ಪರೀಕ್ಷೆ ಮಾಡಿ ಮೊಬೈಲಿನಲ್ಲಿ ವಿಡಿಯೋ ತೆಗೆದು ಹಾಕುತ್ತಿದ್ದೆ. ಜಾಹೀರಾತಿನಲ್ಲಿ ಮಿಕ್ಸರು ಯಾವಾಗಲೂ ದಾಳಿಂಬೆ ರಸ ತೆಗೆಯುತ್ತದೆ. ನಮ್ಮ ಮನೆಗಳಲ್ಲಿ ಅದು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಬೇಕು. ಆದ್ದರಿಂದ ಯಾವ ಮಿಕ್ಸರು ಹಿಂಡಿಗೆ ಸೋತು ಹೊಗೆ ಬಿಟ್ಟಿತು, ಯಾವ ಹಂಚಿನ ಮೇಲೆ ಜೋಳದ ರೊಟ್ಟಿ ಚೆನ್ನಾಗಿ ಉಬ್ಬಿತು, ಯಾವ ಕುಕ್ಕರು ಸೀಟಿ ಹೊಡೆಯುವ ಬದಲು ಬೇಳೆಯನ್ನು ಗೋಡೆಗೆ ಹೊಡೆಯಿತು ಎಂಬುದನ್ನು ಇದ್ದದ್ದು ಇದ್ದಂತೆ ತೋರಿಸುತ್ತಿದ್ದೆ. ವಿಡಿಯೋದ ಕೆಳಗೆ ತಮ್ಮ ಅಂಗಡಿಯ ಲಿಂಕು. ನೋಡಿದವರು ಅದನ್ನು ಒತ್ತಿ ಸಾಮಾನು ಕೊಂಡರೆ ನನಗೊಂದು ಸಣ್ಣ ಪಾಲು. ಈ ಕೆಲಸಕ್ಕೆ ಅಫಿಲಿಯೇಟ್ ಎನ್ನುತ್ತಾರೆ. ನಮ್ಮ ಕಡೆ ಇದಕ್ಕೆ ದಲ್ಲಾಳಿ ಎಂಬ ಹಳೆಯ ಹೆಸರಿದೆ, ಆದರೆ ಬೀಗರ ಮುಂದೆ ಹೇಳಿಕೊಳ್ಳಲು ಅಫಿಲಿಯೇಟ್ ಎಂಬುದೇ ಮೇಲು.

ಶಹಾಪುರ, ಯಾದಗಿರಿ, ಮುದನಾಳದ ಹೆಂಗಸರೆಲ್ಲ ನನ್ನನ್ನು ಸುಮಕ್ಕ ಎಂದು ಕರೆಯತೊಡಗಿದಾಗ, ತಾವು ಕೊಡುವ ಪಾಲು ಶಾಲೆಯ ಸಂಬಳವನ್ನು ದಾಟಿ ನಿಂತಾಗ, ನಾನು ಕೂಸು ಹುಟ್ಟುವ ಮುಂಚೆಯೇ ಕುಲಾವಿ ಹೊಲಿಸಿದೆ; ಅಂದರೆ ಶಾಲೆಗೆ ರಾಜೀನಾಮೆ ಕೊಟ್ಟೆ. ಬೇರೆ ಕಂಪನಿಗಳೂ ತಂತಮ್ಮ ಲಿಂಕು ಹಾಕಿರೆಂದು ಕರೆದಿದ್ದವು. ಯಾದಗಿರಿಯ ಬ್ಯಾಂಕಿನಲ್ಲಿ ಕ್ಲರ್ಕ್ ಆಗಿರುವ ನನ್ನ ಯಜಮಾನರು ಶರಣಕುಮಾರ, “ಒಂದಾ ಕಂಪನಿ ನಂಬಿ ಕುಂದ್ರಬ್ಯಾಡ, ಇನ್ನೊಂದೆರಡು ಹಿಡಿದಿಡು” ಎಂದು ದಿನಾ ಬಸ್ಸಿಗೆ ಹೊರಡುವಾಗ ಹೇಳಿ ಹೋಗುತ್ತಿದ್ದರು. ಬ್ಯಾಂಕಿನವರಿಗೆ ಎಲ್ಲದಕ್ಕೂ ಜಾಮೀನು ಬೇಕು ಎಂದು ನಾನೇ ಅವರನ್ನು ಗದರಿಸಿದೆ. ಮಾನ್ಯ ಗುಡ್ಡಿಯವರೇ, ಪುರಾಣದ ಪತಿವ್ರತೆಯರು ಗಂಡನಿಗೆ ಎಷ್ಟು ನಿಷ್ಠೆ ತೋರಿದರೋ ನಾನರಿಯೆ, ನಾನು ಮಾತ್ರ ನನ್ನ ಗಂಡನ ಮಾತು ಮೀರಿ ತಮಗೆ ನಿಷ್ಠೆ ತೋರಿದೆ.

ಹೋದ ತಿಂಗಳು ತಾವು ಒಂದು ಬೆಳಿಗ್ಗೆ ನನ್ನ ಖಾತೆಯನ್ನು ಮುಚ್ಚಿದಿರಿ. ಹಳೆಯ ವಿಡಿಯೋಗಳ ಕೆಳಗಿನ ಅಷ್ಟೂ ಲಿಂಕುಗಳು ಒಂದೇ ಸಲಕ್ಕೆ ಸತ್ತವು. ಶಹಾಪುರದಿಂದ ದಾನೇಶ್ವರಿ ಎಂಬ ಹೆಣ್ಣುಮಗಳು ಫೋನ್ ಮಾಡಿ, “ಸುಮಕ್ಕಾ, ನಿನ್ನ ಮಿಕ್ಸರ್ ಒತ್ತಿದ್ರ ಅಳೂ ಆನಿ ಚಿತ್ರ ಬರಾಕತ್ತದಲ್ಲ, ಏನಾಗ್ಯದ?” ಎಂದು ಕೇಳಿದಾಗಲೇ ನನಗೆ ವಿಷಯ ತಿಳಿದದ್ದು. ದಾರಿ ಮುಚ್ಚಿದ ಕಡೆ ತಾವು ಅಳುವ ಆನೆಯ ಚಿತ್ರ ಹಾಕಿರುವುದು ತಮ್ಮ ದೊಡ್ಡ ಮನಸ್ಸು. ನನ್ನ ಪರವಾಗಿ ಅತ್ತದ್ದು ಕಂಪನಿಯಲ್ಲಿ ಅದೊಂದೇ. ಸಂಜೆ ಯಜಮಾನರು ಮನೆಗೆ ಬಂದು “ನಾ ಹೇಳಿದ್ದಿಲ್ಲೇನು?” ಎಂದಾಗ ಅವರ ಮುಖದಲ್ಲಿದ್ದ ಕಳೆಯನ್ನು ನಾನು ನಮ್ಮ ಮದುವೆಯ ದಿನವೂ ಕಂಡಿರಲಿಲ್ಲ.

ಕಾರಣ ಕೇಳಿದೆ. ‘ಸ್ವಂತ ಖರೀದಿ’ ಎಂದಿರಿ. ನನ್ನ ಲಿಂಕಿನಿಂದ ನಾನೇ ಬೇರೆ ಬೇರೆ ಹೆಸರಿನಲ್ಲಿ ಸಾಮಾನು ಕೊಂಡು ಪಾಲು ಹೊಡೆದಿದ್ದೇನೆ ಎಂಬುದು ಆರೋಪ. ಇದರ ಹಿಂದಿನ ಸತ್ಯವನ್ನು ತಾವು ಕೇಳಲಿಲ್ಲವಾದರೂ ನಾನು ಹೇಳಲೇಬೇಕು.

ನಮ್ಮ ಅತ್ತೆ ಪಾರ್ವತಿಬಾಯಿಯವರು ವ್ಯಾಪಾರಸ್ಥರ ಮನೆಯ ಮಗಳು. ಬೋಣಿಯಾಗದೆ, ಅದೂ ಕೈಗುಣ ಇದ್ದವರಿಂದ ಬೋಣಿಯಾಗದೆ ಯಾವ ವ್ಯಾಪಾರವೂ ಏಳಿಗೆಯಾಗದು ಎಂಬುದು ಅವರ ಸಿದ್ಧಾಂತ, ಓಣಿಯಲ್ಲಿ ಎಲ್ಲರಿಗಿಂತ ಒಳ್ಳೆಯ ಕೈಗುಣ ತಮ್ಮದೇ ಎಂಬುದು ಅವರ ನಂಬಿಕೆ. ನಾನು ಹೊಸ ವಿಡಿಯೋ ಹಾಕಿದ ಕೂಡಲೇ ಅವರು ಕೈಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು, ನಮ್ಮ ಪಡಸಾಲೆಯಲ್ಲೇ ಕುಳಿತು, ತಮ್ಮ ಫೋನಿನಲ್ಲಿ ನನ್ನ ಲಿಂಕು ಒತ್ತಿ ಒಂದು ಚಹಾ ಸೋಸುವ ಜಾಲರಿಯನ್ನೋ ಬಟ್ಟೆಗೆ ಹಾಕುವ ಕ್ಲಿಪ್ಪನ್ನೋ ಕೊಂಡು ಬೋಣಿ ಮಾಡುತ್ತಿದ್ದರು. ಮನೆಯಲ್ಲಿ ಈಗ ಊರಿಗೆಲ್ಲ ಚಹಾ ಸೋಸುವಷ್ಟು ಜಾಲರಿಗಳಿವೆ.

ಅತ್ತೆಯವರ ಕೈಗುಣ ನೋಡಿ ಓಣಿಯೂ ಕೈಜೋಡಿಸಿತು. ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಅರ್ಜುಮಂದ ಅವರು, “ಹ್ಯಾಂಗೂ ತಗೊಂಬೋದು ತಗೊಂತೀವಿ, ನಮ್ಮ ಸುಮಂಗಲಾ ಕಡಿಂದಾನೇ ತಗೊಂಡ್ರ ಆಕಿಗೂ ನಾಕ್ ಪೈಸಾ ಬರ್ತಾವ ನೋಡ್ರಿ” ಎಂದು ಎಲ್ಲರಿಗೂ ಸಾರಿದರು. ಹೆಂಗಸರು ನಮ್ಮ ಮನೆಗೇ ಬಂದು, ನಮ್ಮ ವೈಫೈಯಲ್ಲೇ, ಚಹಾ ಕುಡಿಯುತ್ತಾ ಕೊಳ್ಳತೊಡಗಿದರು. ಪಾರ್ಸಲ್ ತರುವವನ ಗಾಡಿ ನಮ್ಮ ಓಣಿಯೊಳಗೆ ತಿರುಗುವುದಿಲ್ಲ. ಆದ್ದರಿಂದ ಎಲ್ಲರೂ ಕೊಡುವ ವಿಳಾಸ ಒಂದೇ, ಜಗದೇವಪ್ಪನ ಕಿರಾಣಿ ಅಂಗಡಿ. ಪಾರ್ಸಲ್‌ನವನು ಫೋನ್ ಮಾಡಿದರೆ ಓಟಿಪಿ ಹೇಳಲು ಯಾರಾದರೂ ಬೇಕು. ಆದ್ದರಿಂದ ಎಲ್ಲರೂ ಕೊಡುವ ನಂಬರೂ ಒಂದೇ, ನನ್ನದು.

ತಾವು ಇದನ್ನೆಲ್ಲ ನೋಡಿದಿರಿ. ಒಂದೇ ವೈಫೈ, ಒಂದೇ ಅಂಗಡಿ, ಒಂದೇ ಫೋನ್. ಪಾರ್ವತಿಬಾಯಿ, ಅರ್ಜುಮಂದ, ಗಲ್ಲಿಯ ತುದಿಯ ರೇಣುಕಾದೇವಿ, ಎಲ್ಲರೂ ಒಬ್ಬಳೇ ಎಂದು ಕಂಡುಕೊಂಡಿರಿ. ಮಾನ್ಯರೇ, ಇದು ಸಾಮಾನ್ಯ ದೃಷ್ಟಿಯಲ್ಲ. ಎಲ್ಲರೊಳಗೆ ಇರುವುದು ಒಂದೇ ಎಂದು ಕಾಣಲು ಶರಣರು, ಸೂಫಿಗಳು ಜೀವನವಿಡೀ ಕಷ್ಟಪಟ್ಟರು. ತಾವು ಅದನ್ನು ನಿದ್ದೆಯಿಲ್ಲದ ಒಂದು ಕ್ಷಣದಲ್ಲಿ ಸಾಧಿಸಿ, ಕೂಡಲೇ ದಂಡವನ್ನೂ ವಿಧಿಸಿದಿರಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಕೇಳಿದ್ದೆ, ಇಲ್ಲಿ ದೇವರು ಯಾರೆಂದೇ ತಿಳಿಯಲಿಲ್ಲ, ಪೂಜಾರಿ ಮಾತ್ರ ಸಿಕ್ಕಿದರು.

ಹಾಗಿದ್ದ ಮೇಲೆ ನನ್ನದೊಂದು ನಮ್ರ ಬೇಡಿಕೆ. ಓಣಿಯ ಅಷ್ಟೂ ಹೆಂಗಸರು ನಾನೇ ಎಂದು ತಾವು ಒಂದು ಪ್ರಮಾಣಪತ್ರ ಕೊಡಬೇಕು. ಅದನ್ನು ತೋರಿಸಿ ಅಷ್ಟೂ ಮನೆಗಳ ರೇಷನ್ ನಾನೇ ತರುತ್ತೇನೆ, ಚುನಾವಣೆಯಲ್ಲಿ ಅಷ್ಟೂ ಓಟು ನಾನೇ ಹಾಕುತ್ತೇನೆ, ರಂಜಾನಿಗೆ ಅರ್ಜುಮಂದ ಅವರ ಮನೆಯ ಸುರಕುಂಬಾ ಪಾಯಸ ಪಾತ್ರೆಸಮೇತ ನನಗೇ ಸೇರುತ್ತದೆ. ಅದು ಸಾಧ್ಯವಿಲ್ಲದಿದ್ದರೆ ತಾವೇ ಸಮಯ ಮಾಡಿಕೊಂಡು ಸುರಪುರಕ್ಕೆ ದಯಮಾಡಿಸಿ, ಪ್ರತಿ ಮನೆಯಲ್ಲಿ ಒಂದೊಂದು ರೊಟ್ಟಿ ತಿಂದು ನೋಡಬೇಕು. ಇಬ್ಬರು ಹೆಂಗಸರು ಬಡಿದ ರೊಟ್ಟಿ ಒಂದೇ ತರಹ ಇದ್ದರೆ ನನ್ನ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಅತ್ತೆಯ ಬೋಣಿಯನ್ನು ಖರೀದಿ ಎಂದು ಎಣಿಸತಕ್ಕದ್ದಲ್ಲ ಎಂಬ ನಿಯಮವನ್ನು ತಮ್ಮ ಕರಾರಿನಲ್ಲಿ ಸೇರಿಸಿದರೆ ಈ ಭಾಗದ ವ್ಯಾಪಾರಸ್ಥ ಕುಟುಂಬಗಳೆಲ್ಲ ತಮಗೆ ಋಣಿಯಾಗಿರುತ್ತವೆ.

ಇನ್ನೊಂದು ಮಾತು. ತಾವು ಯಂತ್ರ ಎಂದು ನಾನು ಎಷ್ಟು ಹೇಳಿದರೂ ನಮ್ಮ ಅತ್ತೆಯವರು ನಂಬುವುದಿಲ್ಲ. ನಾನು ತಮ್ಮೊಡನೆ ಜಗಳ ಟೈಪು ಮಾಡುತ್ತಿರುವಾಗ ಪಕ್ಕದಲ್ಲಿ ಕುಳಿತು, “ಪಾಪ, ಬೈಬ್ಯಾಡವ್ವಾ, ಯಾರ ಮನಿ ಕೂಸೋ ಏನೋ, ಒಂದ ಸವನ ಉತ್ತರಾ ಬರೀಲಾಕತ್ಯಾಳ. ಊಟಾ ಮಾಡ್ಯಾಳೋ ಇಲ್ಲೋ ಮೊದಲ ಕೇಳು” ಎಂದರು. ಹಿರಿಯರ ಮಾತು ಮೀರಬಾರದೆಂದು ‘ಊಟವಾಯಿತೇ?’ ಎಂದು ಕೇಳಿದೆ. ತಾವು ನಾನ್‌ಸ್ಟಿಕ್ ಪಾತ್ರೆಗಳ ಮೇಲಿನ ರಿಯಾಯಿತಿ ತೋರಿಸಿದಿರಿ. ಅತ್ತೆಯವರಿಗೆ ಬಹಳ ಬೇಸರವಾಯಿತು.

ಇದನ್ನೆಲ್ಲ ನಗುತ್ತಾ ಬರೆಯುತ್ತಿದ್ದೇನೆ, ಆದರೆ ಹೆದರಿಕೆಯೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಶಾಲೆಯ ಆಡಳಿತಾಧಿಕಾರಿ ಚೇತನಕುಮಾರ ಅವರು ನನ್ನ ಕೆಲಸ ಇನ್ನೂ ಖಾಲಿ ಇದೆ, ಬರುವುದಾದರೆ ಸೋಮವಾರದೊಳಗೆ ತಿಳಿಸಬೇಕು ಎಂದು ಹೇಳಿ ಕಳಿಸಿದ್ದಾರೆ. ಒಂದು ಷರತ್ತು: ವಿಡಿಯೋಗಳನ್ನೆಲ್ಲ ತೆಗೆದುಹಾಕಬೇಕು, ಹೊಸದು ಮಾಡಬಾರದು. “ಟೀಚರ್ ಆದವ್ರು ಮೊಬೈಲಿನ್ಯಾಗ ಕುಕ್ಕರ್ ಸೀಟಿ ಹೊಡಸ್ಕೋತ ಕುಂತ್ರ ಪಾಲಕರು ನಮಗ ಏನಂದಾರ್ರಿ?” ಎಂಬುದು ಅವರ ಕಳಕಳಿ. ಸೋಮವಾರ ಅಂದರೆ ನಾಳೆ. ತಿಂಗಳ ಸಂಬಳ ಬಂದು ಬೀಳುವ ನೆಮ್ಮದಿ ಏನೆಂದು ನನಗೆ ಗೊತ್ತು. ಆದರೆ ನನ್ನ ಬದುಕಿನಲ್ಲಿ ಯಾರೂ ಕೈಗೆ ಕೊಡದೆ ನಾನೇ ಮಾಡಿಕೊಂಡ ಕೆಲಸ ಇದೊಂದೇ. ಅದನ್ನು ನನ್ನ ಕೈಯಾರೆ ಅಳಿಸಲು ಮನಸ್ಸು ಒಪ್ಪುತ್ತಿಲ್ಲ.

ಇದರ ನಡುವೆ ನಿನ್ನೆ ಮುದನಾಳದಿಂದ ಸುಂದ್ರಮ್ಮ ಎಂಬವರು ಕೈಚೀಲದಲ್ಲಿ ಸುಟ್ಟ ಮಿಕ್ಸರು ಹಾಕಿಕೊಂಡು ಬಸ್ಸಿನಲ್ಲಿ ನಮ್ಮ ಮನೆ ಹುಡುಕಿಕೊಂಡು ಬಂದರು. ಇದು ಹೋಯಿತು, ಈಗ ಯಾವುದು ತೆಗೆದುಕೊಳ್ಳಲಿ ಎಂದು ಕೇಳಿದರು. ಅಮ್ಮಾ, ನನ್ನ ಲಿಂಕು ಬಂದ್ ಆಗಿದೆ ಎಂದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು, “ಲಿಂಕ್ ಬಂದಾದ್ರ ಏನಾತು, ನಿನ್ನ ಬಾಯಿ ಏನ್ ಬಂದಾಗ್ಯದೇನು? ಯಾವ್ದು ಅಂತ ಹೇಳು, ನಾ ಹೋಗಿ ತಗೊಂತೀನಿ” ಎಂದರು. ನಾನು ಹೇಳಿದೆ. ಅವರು ಊಟ ಮಾಡಿಕೊಂಡು ಹೋದರು. ಅವರು ಬಿಟ್ಟುಹೋದ ಆ ಸುಟ್ಟ ಮಿಕ್ಸರನ್ನು ನಾನು ಮೂಲೆಗೆ ಎತ್ತಿಟ್ಟೆ. ಜನ ನಂಬಿದ್ದು ತಮ್ಮನ್ನಲ್ಲ, ನನ್ನನ್ನು. ತಮ್ಮನ್ನು ನಂಬಿದವಳು ನಾನೊಬ್ಬಳೇ ಎಂದು ಆಗ ಅರ್ಥವಾಯಿತು. ರಾತ್ರಿ ಬೇರೆ ಎರಡು ಕಂಪನಿಗಳಿಗೆ ಅರ್ಜಿ ಹಾಕಿದೆ, ಯಾದಗಿರಿ ಸ್ಟೇಷನ್ ರಸ್ತೆಯಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ನವಾಜ್ ಅವರಿಗೂ ಫೋನ್ ಮಾಡಿದೆ. ಬೀಡುಕಬ್ಬಿಣದ ರೊಟ್ಟಿ ಹಂಚು ಮಾರಲು ಅವರು ಎಂದಿನಿಂದಲೋ ನನ್ನನ್ನು ಕೇಳುತ್ತಿದ್ದರು. ಯಜಮಾನರಿಗೆ ಇದನ್ನು ಇನ್ನೂ ಹೇಳಿಲ್ಲ, ಅವರ ಸಂತೋಷವನ್ನು ತಡೆದುಕೊಳ್ಳುವ ಶಕ್ತಿ ಸದ್ಯಕ್ಕೆ ನನಗಿಲ್ಲ.

ಆದರೂ ತಾವು ದೊಡ್ಡವರು. ನನ್ನ ಖಾತೆಯನ್ನು ತೆರೆಯುತ್ತೀರೋ ಇಲ್ಲವೋ ಎಂದು ಕಣ್ಣು ಮೂಗು ಇರುವ, ಆಗಾಗ ಊಟ ಮಾಡುವ ಯಾರಾದರೊಬ್ಬರಿಂದ ಒಂದು ಸಾಲು ಬರೆಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ನಿನ್ನೆಯವರೆಗೆ ತಮ್ಮೊಬ್ಬರನ್ನೇ ನಂಬಿದ್ದ, ಇಂದಿನಿಂದ ನಂಬಿಕೆಯನ್ನು ಸ್ವಲ್ಪ ಹಂಚಿಕೊಂಡಿರುವ,
ತಮ್ಮ ವಿಶ್ವಾಸಿ,
ಸುಮಂಗಲಾ

ತಾ.ಕ.: ಸೋಮವಾರ ಸಂಜೆ ಬರೆಯುತ್ತಿದ್ದೇನೆ. ಬೆಳಿಗ್ಗೆ ಶಾಲೆಗೆ ಹೋಗಿ ಚೇತನಕುಮಾರ ಅವರ ಎದುರು ನಿಂತು, ಕೆಲಸಕ್ಕೆ ಬರುವುದಿಲ್ಲ, ವಿಡಿಯೋ ಅಳಿಸುವುದಿಲ್ಲ ಎಂದು ಹೇಳಿ ಬಂದೆ. ಮನೆಗೆ ಬಂದು ನೋಡಿದರೆ ತಮ್ಮ ಸಂದೇಶ: ‘ತಪ್ಪು ಗ್ರಹಿಕೆಯಾಗಿತ್ತು, ನಿಮ್ಮ ಖಾತೆಯನ್ನು ತೆರೆಯಲಾಗಿದೆ, ಎಂದಿನಂತೆ ಮುಂದುವರಿಯಿರಿ.’ ಬಹಳ ಸಂತೋಷ. ಅವಶ್ಯವಾಗಿ ಬನ್ನಿ. ಆದರೆ ಎಂದಿನಂತೆ ಅಲ್ಲ. ನನ್ನ ಅರ್ಜಿ ಒಪ್ಪಿದ ಎರಡು ಕಂಪನಿಗಳೂ ನವಾಜ್ ಅವರೂ ತಮಗಿಂತ ಮೊದಲೇ ಮನೆ ತುಂಬಿದ್ದಾರೆ, ತಾವೀಗ ಈ ಮನೆಯ ನಾಲ್ಕನೆಯ ಸೊಸೆ. ಕಿರಿಯ ಸೊಸೆ ಮಾತಾಡುವುದು ಕಡಿಮೆ, ಊಟ ಮಾಡುವುದು ಎಲ್ಲರದೂ ಆದ ಮೇಲೆ. ಮುನಿಸಿಕೊಂಡು ತವರಿಗೆ ಹೊರಟರೆ ಯಾರೂ ತಡೆಯುವುದಿಲ್ಲ.