ಬುದ್ಧನ ಬೆಟ್ಟಕ್ಕೆ ಅತ್ತೆಯ ಸವಾರಿ

ನನ್ನ ಬೈಕಿನ ಹಿಂದೆ ಹೆಂಡತಿ ಕೂತರೆ ಹೋದ ಕೆಲಸ ಮುಗಿಸಿ ತೆಪ್ಪಗೆ ಮನೆಗೆ ಬರುತ್ತೇವೆ. ಅತ್ತೆ ಕೂತರೆ ಮಾತ್ರ ಏನಾದರೂ ಒಂದು ಆಗಿಯೇ ತೀರುತ್ತದೆ.

ನಾನು ಕೈಲಾಂಚದ ಕಡೆ ರೇಷ್ಮೆಹುಳು ಸಾಕುವವನು. ಮಗಳನ್ನು ನೋಡಲು ಬಂದಿದ್ದ ಅತ್ತೆ ಒಂದು ಭಾನುವಾರ ರೊಟ್ಟಿ ತಿನ್ನುತ್ತಾ, "ಅಳಿಯಂದ್ರೇ, ಕೋಡಿಹಳ್ಳಿ ದಾಟಿದ್ರೆ ಬೆಟ್ಟದ್ ಮ್ಯಾಲೆ ಬುದ್ಧನ ಗುಡಿ ಐತಂತೆ. ಒಸಿ ಕರ್ಕೊಂಡ್ ಹೋಗಿ" ಅಂದರು. ಮನೆದೇವರನ್ನು ಬಿಟ್ಟು ಬೇರೆ ದೇವರಿಗೆ ಕೈ ಮುಗಿದವರಲ್ಲ ಅವರು. ನನಗೆ ಆಶ್ಚರ್ಯವಾಯಿತು. ಆದರೂ ಗಾಡಿ ತೆಗೆದೆ.

ಯಾರ ಮಗ?

ಕೋಡಿಹಳ್ಳಿ ದಾಟಿದ ಮೇಲೆ ದಾರಿ ಎರಡಾಯಿತು. ಮೇಕೆ ಮೇಯಿಸುತ್ತಿದ್ದ ಒಬ್ಬ ಯಜಮಾನರನ್ನು ಕೇಳಿದೆ, "ಬುದ್ಧನ ಹತ್ರ ಹೋಗೋಕೆ ಯಾವ ಕಡೆ?"

"ಬುದ್ಧನಾ? ಯಾರ್ ಮಗ ಅವ?"

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಅತ್ತೆ ಹೇಳಿದರು, "ಅರಸು ಮಗ ಕಣಣ್ಣೋ. ಹೆಂಡ್ತಿ ಮಗೀನ್ ಬುಟ್ಟು ಮನೆಯಿಂದ ಹೊಂಟೋದ್ನಲ್ಲ, ಅವ."

ಯಜಮಾನರು ಗಂಭೀರವಾಗಿ ಯೋಚಿಸಿದರು. "ಹಂಗ್ ಹೋದೋರು ನಮ್ಮೂರಲ್ಲಿ ಇಬ್ರವ್ರೆ. ಆದ್ರೆ ಇಬ್ರೂ ಬೆಟ್ಟಕ್ಕೆ ಹೋಗ್ನಿಲ್ಲ ಕಣವ್ವ, ಬೆಂಗ್ಳೂರ್ಗೆ ಹೋದ್ರು."

ಹರಕೆ

ಬೆಟ್ಟದ ಅರ್ಧದಲ್ಲಿ ಬೈಕು ನಿಂತೇಹೋಯಿತು. ಕಿಕ್ ಹೊಡೆದೂ ಹೊಡೆದೂ ಕಾಲು ಸೋತಿತು. ಅತ್ತೆ ಇಳಿದು, ಸೆರಗು ಸಿಕ್ಕಿಸಿಕೊಂಡು, ಸರಸರನೆ ನಡೆದೇಬಿಟ್ಟರು. ನಾನು ಏದುಸಿರು ಬಿಡುತ್ತಾ ಗಾಡಿ ತಳ್ಳಿಕೊಂಡು ಮೇಲೆ ತಲುಪಿದರೆ, ಗುಡಿಗೆ ಬಂದಿದ್ದ ನಾಲ್ಕು ಜನ ದಾರಿ ಬಿಟ್ಟು ನಿಂತು ನನಗೆ ಕೈ ಮುಗಿದರು. ಒಬ್ಬರಂತೂ ಚಕ್ರ ಮುಟ್ಟಿ ಕಣ್ಣಿಗೊತ್ತಿಕೊಂಡರು.

"ಗಾಡಿ ತಳ್ಕೊಂಡು ಬರೋ ಹರಕೆ ಇದೇ ಮೊದ್ಲು ನೋಡಿದ್ದು. ಎಷ್ಟು ವರ್ಷದ ಹರಕೆ ಸ್ವಾಮಿ?"

ಕಲ್ಲಿನ ಮೇಲೆ ಆರಾಮಾಗಿ ಕೂತಿದ್ದ ಅತ್ತೆಯೇ ಉತ್ತರ ಕೊಟ್ಟರು, "ನನ್ ಮಗಳನ್ನ ಕಟ್ಕೊಂಡಾಗಿಂದ."

ಬಿಟ್ಟು ಹೋಗುವುದು

ಒಳಗೆ ಹಣೆಗೆ ಕುಂಕುಮವಿಲ್ಲದ, ಕಣ್ಣು ಮುಚ್ಚಿ ಕೂತ ಬುದ್ಧ. ಅತ್ತೆ ಚೀಲದಿಂದ ತೆಂಗಿನಕಾಯಿ, ಕರ್ಪೂರ ತೆಗೆದು, "ಅರ್ಚನೆ ಮಾಡ್ಕೊಡಿ ಸ್ವಾಮ್ಗಳೇ" ಅಂದರು.

ಅಲ್ಲಿನ ಗುರುಗಳು ನಕ್ಕರು. "ಇಲ್ಲಿ ಅರ್ಚನೆ ಇಲ್ಲಮ್ಮ. ಇಲ್ಲಿಗೆ ಏನನ್ನಾದರೂ ಕೇಳೋಕೆ ಬರಬೇಡಿ. ಬಿಡೋಕೆ ಬನ್ನಿ. ಮನಸ್ಸು ಅಂಟಿಕೊಂಡಿರೋ ಒಂದನ್ನು ಬಿಟ್ಟು ಹೋಗಿ."

ಅತ್ತೆ ಕಣ್ಣು ಮುಚ್ಚಿ ಬಹಳ ಹೊತ್ತು ನಿಂತರು. ಕಾಫಿ ಬಿಡುತ್ತಾರೋ, ಎಲೆಅಡಿಕೆ ಬಿಡುತ್ತಾರೋ ಅಂತ ನಾನು ಕಾಯುತ್ತಿದ್ದೆ. ಕೊನೆಗೆ ಕಣ್ಣು ತೆರೆದು ದೃಢವಾಗಿ ಹೇಳಿದರು, "ನಮ್ ಅಳಿಯಂದ್ರು ಸಿಗರೇಟ್ ಬುಡ್ತಾರೆ, ಬರ್ಕೊಳಿ."

ನಾನು ಸಿಗರೇಟು ಸೇದುವುದು ಅತ್ತೆಗೆ ಗೊತ್ತಿದೆ ಎಂಬುದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಮೌನ

ಪಕ್ಕದ ಹಾಲ್‌ನಲ್ಲಿ ಧ್ಯಾನ ಶುರುವಾಗುವುದರಲ್ಲಿತ್ತು. ಬಾಗಿಲಲ್ಲೇ ಅತ್ತೆ ಗಕ್ಕನೆ ನಿಂತರು. ಮುಂದಿನ ಸಾಲಿನಲ್ಲಿ ಅವರ ತಂಗಿ ಕೂತಿದ್ದರು.

ತಾಯಿ ತೀರಿಕೊಂಡ ಮೇಲೆ ಒಂದು ತಾಮ್ರದ ಹಂಡೆಗಾಗಿ ಜಗಳವಾಡಿ, ಮೂರು ವರ್ಷದಿಂದ ಅಕ್ಕತಂಗಿಯರಿಗೆ ಮಾತಿರಲಿಲ್ಲ. ಮದುವೆಮನೆಯಲ್ಲಿ ಒಬ್ಬರು ಊಟಕ್ಕೆ ಕೂತರೆ ಇನ್ನೊಬ್ಬರು ಎದ್ದು ಹೋಗುತ್ತಿದ್ದರು. ಆ ತಂಗಿಯನ್ನು ಕೊಟ್ಟಿದ್ದು ಇದೇ ಬೆಟ್ಟದ ಬುಡದ ಊರಿಗೆ. ಅತ್ತೆಗೆ ಬುದ್ಧನ ಮೇಲೆ ಭಕ್ತಿ ಯಾಕೆ ಹುಟ್ಟಿತೆಂದು ನನಗೆ ಆಗ ಹೊಳೆಯಿತು.

ಖಾಲಿ ಇದ್ದದ್ದು ತಂಗಿಯ ಪಕ್ಕದ ಜಾಗ ಒಂದೇ. ಅತ್ತೆ ಹೋಗಿ ಕೂತರು. ತಂಗಿ ಓರೆಗಣ್ಣಲ್ಲಿ ನೋಡಿದರು, ಏಳಲಿಲ್ಲ. ಇಬ್ಬರ ಬೆನ್ನೂ ಕಂಬದ ಹಾಗೆ ಬಿಗಿದಿತ್ತು. ಇನ್ನೇನು ಹಂಡೆಯ ಮಾತು ಬಂದೇ ಬರುತ್ತದೆ ಅಂದುಕೊಂಡು ನಾನು ಹಿಂದೆ ಗೋಡೆಗೊರಗಿ ಕೂತೆ.

"ಎಲ್ಲರೂ ಕಣ್ಣು ಮುಚ್ಚಿ. ಅರ್ಧ ಗಂಟೆ ಯಾರೂ ಮಾತಾಡಬೇಡಿ" ಅಂದರು ಗುರುಗಳು. ನಾನೂ ಮುಚ್ಚಿದೆ. ತಣ್ಣನೆ ಗಾಳಿ, ದೂರದಲ್ಲೆಲ್ಲೋ ನವಿಲಿನ ಕೂಗು.

ಅತ್ತೆಯ ದನಿ ಕೇಳಿ ಬೆಚ್ಚಿ ಕಣ್ಣು ಬಿಟ್ಟೆ. ಅವರು ತಂಗಿಯ ಪಕ್ಕೆಗೆ ತಿವಿಯುತ್ತಿದ್ದರು, "ಏ, ಗೊರಕೆ ಹೊಡೀಬ್ಯಾಡ ಕಣೇ! ಸ್ವಾಮ್ಗಳು ನೋಡ್ತಾವ್ರೆ!"

ಮೂರು ವರ್ಷದಲ್ಲಿ ಅದೇ ಮೊದಲ ಮಾತು. ತಂಗಿಯ ಕಣ್ಣಲ್ಲಿ ನೀರು ತುಂಬಿತು. ಅಕ್ಕನ ಕೈ ಹಿಡಿದುಕೊಂಡು ಹೇಳಿದರು:

"ನಂದಲ್ಲ ಕಣಕ್ಕಾ. ಹಿಂದ್ಕ್ ತಿರುಗ್ ನೋಡು, ನಿನ್ ಅಳಿಯಂದ್ರದು."