ಕಪಾಟಿನೊಳಗಿನ ಗಾಯಕಿ

ನನ್ನ ಅಕ್ಕನ ಮಗಳು ಹೆಸರಾದ ಗಾಯಕಿ. ಹಾಡು ಬರೆಯುವವಳೂ ಅವಳೇ, ಹಾಡುವವಳೂ ಅವಳೇ. ಆದರೆ ಸೀರೆಯ ಕಪಾಟಿನೊಳಗೆ ಕೂತು ಹಾಡುತ್ತಾಳೆ ಎಂದರೆ ನಂಬುತ್ತೀರಾ?

ಬೆಂಗೇರಿಯ ಅವರ ಮನೆ ರಸ್ತೆಗೆ ಆತುಕೊಂಡಿದೆ. ಒಮ್ಮೆ ರೆಕಾರ್ಡಿಂಗ್ ನಡೆದಾಗ ಇವಳು ‘ನಲ್ಲಾ…’ ಎಂದು ಕರುಳು ಕಿವುಚುವಂತೆ ಎಳೆದರೆ, ಬೀದಿಯ ತರಕಾರಿ ಗಾಡಿಯವನು ಮೈಕಿನಲ್ಲಿ ‘ಉಳ್ಳಾಗಡ್ಡಿ!’ ಎಂದು ಮುಗಿಸಿದ. ಅಂದಿನಿಂದ ಕಪಾಟೇ ಸ್ಟುಡಿಯೊ. ಕೆಳಗೆ ಕೌದಿ, ಮೇಲೆ ಇಳಕಲ್ಲ ಸೀರೆಗಳು, ನಡುವೆ ಮೈಕು ಹಿಡಿದ ಇವಳು!

ಕಪಾಟಿನ ಬಾಗಿಲೋ ತಾನಾಗಿ ಮುಚ್ಚಿ ನಿಲ್ಲದು. ಅಕ್ಕ ಹೊರಗೆ ನೆಲದ ಮೇಲೆ ಕೂತು ಬೆನ್ನಿನಿಂದ ಒತ್ತಿ ಹಿಡಿಯಬೇಕು. ಸುಮ್ಮನೆ ಕೂರುವ ಜನ್ಮವೇ ಅಕ್ಕನದು? ಮೊರದಲ್ಲಿ ಅಕ್ಕಿ ಆರಿಸುವಳು, ಬಳೆ ಝಣಝಣ. ಕೆಮ್ಮುವಳು. ಸಾಲದೆಂದು ನನಗೆ ಫೋನ್ ಹಚ್ಚಿ, “ಮಾತಾಡಬ್ಯಾಡ, ಆಕಿ ಹಾಡಾಕತ್ತಾಳ” ಎಂದು ಪಿಸುಗುಟ್ಟುವಳು. ಮಾತಾಡಬಾರದೆಂದರೆ ಫೋನ್ ಏಕೆ ಹಚ್ಚಬೇಕು! ಒಳಗಿನಿಂದ ಮಗಳು ರೇಗುವಳು. ತಾಯಿಯ ಸದ್ದನ್ನೆಲ್ಲ ಹೆಕ್ಕಿ ತೆಗೆದ ಮೇಲೆಯೇ ಹಾಡು ಲೋಕಕ್ಕೆ ಬಿಡುಗಡೆ.

ಬರುಬರುತ್ತ ಆ ಹಾಡುಗಳು ಬಸ್ಸಿನಲ್ಲಿ, ಮದುವೆಮನೆಯಲ್ಲಿ ಕೇಳತೊಡಗಿದವು. ಎಲ್ಲವೂ ವಿರಹದವೇ. ಅಕ್ಕ ಕಿರಾಣಿ ಅಂಗಡಿಯಲ್ಲಿ ಸಿಕ್ಕವರಿಗೆಲ್ಲ, ನಮ್ಮ ಹುಡುಗಿಗೆ ಯಾರೂ ಕೈಕೊಟ್ಟಿಲ್ಲ, ಅದು ಬರೀ ಹಾಡು ಎಂದು ವಿವರಿಸುತ್ತಿದ್ದಳು. ಕೇಳದವರಿಗೂ!

ಹೋದ ಶ್ರಾವಣದಲ್ಲಿ ಅಕ್ಕ ಎದೆನೋವೆಂದು ಮಲಗಿದವಳು ಏಳಲಿಲ್ಲ. ಹುಡುಗಿ ಹಾಡುವುದನ್ನೇ ಬಿಟ್ಟಳು. ಒಪ್ಪಿಕೊಂಡ ಕಾರ್ಯಕ್ರಮಗಳಿಗೂ ಹೋಗಲಿಲ್ಲ. ಹೊಸ ಹಾಡಿಗಾಗಿ ಕಾದು ಸಾಕಾದ ಸಂಗೀತ ಕಂಪನಿಯವರು, ಈ ತಿಂಗಳೂ ಬರದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದರು. ಅಕ್ಕನಂತೂ ಹೋದಳು, ಅವಳು ಬೆನ್ನು ಕೊಟ್ಟು ಕಾದ ಹಾಡೂ ಹೋಗಬೇಕೆ?

ಧಾರವಾಡದಿಂದ ಓಡಿಬಂದೆ. ಬೈದೆ, ಗೋಗರೆದೆ. ಕೊನೆಗೆ ಹುಡುಗಿ ಎದ್ದು ಕಪಾಟು ಹೊಕ್ಕಳು. ಚಿಕ್ಕಮ್ಮನಾದ ನಾನು ಬಾಗಿಲಿಗೆ ಬೆನ್ನು ಕೊಟ್ಟೆ. ಸದ್ದಾಗದಂತೆ ಬಳೆಗಳನ್ನು ಮೊಳಕೈತನಕ ಏರಿಸಿ, ಉಸಿರು ಬಿಗಿಹಿಡಿದು ಕೂತೆ. ಹಾಡು ಶುರುವಾಯಿತು, ಎರಡು ಸಾಲಿಗೇ ನಿಂತಿತು. ಮತ್ತೆ ಶುರುವಾಯಿತು, ಮತ್ತೆ ಅಲ್ಲಿಗೇ ನಿಂತಿತು.

“ಮಾವಶಿ, ನೀ ಭಾಳ ಸುಮ್ನ ಕುಂತೀ,” ಎಂದಳು ಒಳಗಿನಿಂದ. “ಅವ್ವ ಹಿಂಗ ಕೂಡತಿದ್ದಿಲ್ಲ. ಏನರ ಸಪ್ಪಳ ಮಾಡು.”

ಬಳೆ ಇಳಿಸಿಕೊಂಡೆ. ಕೆಮ್ಮೋಣವೆಂದು ಬಾಯಿ ತೆರೆದರೆ ಬಿಕ್ಕಿ ಬಿಕ್ಕಿ ಅಳು ಬಂತು. ತಡೆಯಲು ಹೋಗಲಿಲ್ಲ. ಒಳಗೆ ಹುಡುಗಿ ಕೊನೆಯ ಸಾಲಿನ ತನಕ ಹಾಡಿದಳು.